ಕಾರಕೂನಿ ಕೆಲಸಕ್ಕೂ ಒಂದು ಕಾಲೇಜು

ಪತ್ರಿಕೋದ್ಯಮ, ಉದ್ಯಾನ ನಿರ್ಮಾಣ, ವಕೀಲರ ಕಚೇರಿಯ ಕೆಲಸ. ಈ ಮೂರನ್ನೂ ಒಂದೇ ಕಾಲೇಜು ಕಲಿಸುತ್ತದೆ, ಮೂರಕ್ಕೂ ಒಂದೇ ತೂಕದ ಪ್ರಮಾಣಪತ್ರ ಕೊಡುತ್ತದೆ ಎಂದರೆ ನಮ್ಮ ಧಾರವಾಡದಲ್ಲಿ ಮೊದಲು ನಗುತ್ತಾರೆ. ಆಮೇಲೆ ಎಲ್ಲಿ ಎಂದು ಕೇಳುತ್ತಾರೆ. ಅಮೆರಿಕದಲ್ಲಿ ಎಂದ ಕೂಡಲೇ ನಗು ನಿಂತು ತಲೆಯಾಡಿಸುವುದು ಶುರುವಾಗುತ್ತದೆ.

ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಮಕ್ಕಳು ಕೈಗೆ ಬಂದ ಮೇಲೆ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿ ವಕೀಲರ ಕಚೇರಿಯ ಕೆಲಸ ಕಲಿತಳು. ಅಲ್ಲಿಯ ಕೋರ್ಸುಗಳ ಪಟ್ಟಿಯನ್ನು ನನಗೂ ಕಳಿಸಿದ್ದಳು. ಇಂಗ್ಲಿಷ್ ವರ್ಣಮಾಲೆಯ ಕೃಪೆಯಿಂದ ಜರ್ನಲಿಸಂ, ಲ್ಯಾಂಡ್‌ಸ್ಕೇಪಿಂಗ್, ಲೀಗಲ್ ಆಫೀಸ್ ಮೂರೂ ಒಂದರ ಕೆಳಗೊಂದು ಕುಳಿತಿದ್ದವು. ಆಕಸ್ಮಿಕವೇ ಸರಿ. ಆದರೆ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು, ನಮ್ಮ ಎದುರು ಮನೆಯವರು ವಕೀಲರ ಕಾರಕೂನರು, ನಮ್ಮ ಬಡಾವಣೆಯ ಉದ್ಯಾನ ನೋಡಿಕೊಳ್ಳುವ ಮಾಲಿ ನೀರು ಕುಡಿಯಲು ಬರುವುದು ನಮ್ಮ ಕಟ್ಟೆಗೆ. ಹೀಗಾಗಿ ಆ ಪಟ್ಟಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಈ ಕಮ್ಯುನಿಟಿ ಕಾಲೇಜು ಏನೆಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜನ್ನು ಅಮೆರಿಕದ ಮೊದಲ ಸಾರ್ವಜನಿಕ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಹೈಸ್ಕೂಲಿನ ಮೇಲೆ ಎರಡು ವರ್ಷದ ಓದು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ನಕ್ಷೆ ಹಾಕಿಕೊಂಡಿತು: ವಿಶ್ವವಿದ್ಯಾಲಯಗಳು ಹೆಚ್ಚು ಅಂಕದವರನ್ನು ಆರಿಸಿಕೊಳ್ಳಲಿ, ಈ ಕಾಲೇಜುಗಳು ಮಾತ್ರ ಕಲಿಯಲು ಬಂದ ಯಾರನ್ನೂ ಹೊಸ್ತಿಲಿನಿಂದ ವಾಪಸ್ ಕಳಿಸಬಾರದು. ಸಾಮಾನ್ಯವಾಗಿ 60 ಯೂನಿಟ್ ಮುಗಿಸಿದರೆ ಅಸೋಸಿಯೇಟ್ ಪದವಿ ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸಿ ಕೆಲಸಕ್ಕೆ ಸೇರಬಹುದು, ಮನಸ್ಸಿದ್ದರೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಹೋಗಬಹುದು. ಹತ್ತೊಂಬತ್ತರ ಹುಡುಗನ ಪಕ್ಕದಲ್ಲಿ ಐವತ್ತರ ಹೆಂಗಸು ಕುಳಿತಿದ್ದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲವಂತೆ. ಅಕ್ಕನ ಮಗಳಿಗೆ ಅತ್ಯಂತ ಹಿಡಿಸಿದ್ದು ಅದು.

ಧಾರವಾಡಕ್ಕೆ ವಿದ್ಯೆಯ ಬರ ಬಂದದ್ದಿಲ್ಲ. ಕರ್ನಾಟಕ ಕಾಲೇಜು 1917ರದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಇಲ್ಲಿಗೆ ಬಂತು, ಅದರಲ್ಲಿ ಪತ್ರಿಕೋದ್ಯಮದ ವಿಭಾಗವಿದೆ. ಕೃಷಿ ವಿಶ್ವವಿದ್ಯಾಲಯ 1986ರದು. ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಶುರುವಾಯಿತು. ಅಂದರೆ ಆ ಪಟ್ಟಿಯ ಮೂರೂ ವಿಷಯಗಳಿಗೆ ನಮ್ಮಲ್ಲಿ ದೊಡ್ಡ ಮನೆಗಳೇ ಇವೆ. ಇಲ್ಲದಿರುವುದು ಆ ಮನೆಗಳಿಗೆ ಹತ್ತುವ ಮೆಟ್ಟಿಲು. ಎಲ್‌ಎಲ್‌ಬಿ ಓದಿದವನು ವಕೀಲನಾಗುತ್ತಾನೆ, ಅವನ ಕಚೇರಿಯನ್ನು ನಿಭಾಯಿಸುವವನು ಎಲ್ಲಿ ಓದುತ್ತಾನೆ? ಕೃಷಿ ಪದವೀಧರ ಅಧಿಕಾರಿಯಾಗುತ್ತಾನೆ, ಉದ್ಯಾನದಲ್ಲಿ ಗುಂಡಿ ಎಷ್ಟು ಆಳ ಇರಬೇಕೆಂದು ತೀರ್ಮಾನಿಸುವವನು ಎಲ್ಲಿಂದ ಬರುತ್ತಾನೆ?

ನಡುವೆ ಧಾರವಾಡದ ಕೋಚಿಂಗ್ ಕೇಂದ್ರಗಳ ಬಡಾವಣೆ ಸಪ್ತಾಪುರವಿದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಎಂದು ಫ್ಲೆಕ್ಸುಗಳು ಒಂದರ ಮೇಲೊಂದು ಏರಿ ನಿಂತ ಬೀದಿಗಳು. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳದ ಮಕ್ಕಳು ಬಾಡಿಗೆ ಕೋಣೆ ಹಿಡಿದು, ಓದುವ ಕೋಣೆಯಲ್ಲಿ ತಿಂಗಳ ಲೆಕ್ಕದಲ್ಲಿ ಕುರ್ಚಿ ಹಿಡಿದು, ಖಾನಾವಳಿಯ ರೊಟ್ಟಿ ತಿಂದು ವರ್ಷಗಟ್ಟಲೆ ಓದುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಕಲಿಸುವುದು ಕೆಲಸವನ್ನಲ್ಲ, ಕೆಲಸ ಸಿಗುವ ಪರೀಕ್ಷೆಯನ್ನು. ಪರೀಕ್ಷೆ ಕೈಕೊಟ್ಟರೆ ಆ ಓದು ಬೇರೆ ಯಾವುದಕ್ಕೂ ಒದಗುವುದಿಲ್ಲ. ಇಪ್ಪತ್ತೆಂಟು ದಾಟಿದ ಹುಡುಗ ಹಂಪಿಯ ಅರಸರ ವಂಶಾವಳಿಯನ್ನು ತಪ್ಪಿಲ್ಲದೆ ಹೇಳುತ್ತಾನೆ, ತನ್ನ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಯಾವ ಕಾಲಂ ಏನು ಹೇಳುತ್ತದೆ ಎಂದು ಕೇಳಿದರೆ ಅಪ್ಪನ ಮುಖ ನೋಡುತ್ತಾನೆ.

ನಮ್ಮ ದೇಶದಲ್ಲಿ ಈ ಮಾದರಿಯನ್ನು ಯಾರೂ ಯೋಚಿಸಿಲ್ಲ ಎಂದರೆ ಸುಳ್ಳಾಗುತ್ತದೆ. 1995ರಲ್ಲಿ ಪುದುಚೇರಿಯಲ್ಲಿ ಒಂದು ಕಮ್ಯುನಿಟಿ ಕಾಲೇಜು ಶುರುವಾಯಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯೇ ಇಂಥ ಕಾಲೇಜುಗಳಿಗೆ ಹಣ ಕೊಡುವ ಯೋಜನೆ ತಂತು, ಹಿಂದೆಯೇ ವೃತ್ತಿಶಿಕ್ಷಣದ ಬಿ.ವೋಕ್ ಪದವಿ ಬಂತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು. ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಹಿಡಿದು ಹೊರಗೆ ಹೋಗಿ ಮತ್ತೆ ಬರಬಹುದು ಎಂದಿದ್ದರು. 2024ರಲ್ಲಿ ಸರ್ಕಾರ ಹಳೆಯ ಮೂರು ವರ್ಷದ ಪದವಿಗೇ ಮರಳಿತು. ನೀತಿ ಬಂದದ್ದೂ ಹೋದದ್ದೂ ಪ್ರಾಧ್ಯಾಪಕರ ಸಭೆಗಳಲ್ಲಿ ದೊಡ್ಡ ಸುದ್ದಿ. ಕಾರಕೂನರ ಮನೆಗೆ ಆ ಸುದ್ದಿ ಮುಟ್ಟಲೇ ಇಲ್ಲ.

ಅವರ ವಿಷಯಕ್ಕೇ ಬರುತ್ತೇನೆ. ಅವರನ್ನು ಓಣಿಯೆಲ್ಲ ಕಾಕಾ ಎನ್ನುತ್ತದೆ, ನಾನೂ ಎನ್ನುತ್ತೇನೆ. ಮೆಟ್ರಿಕ್ ಆದ ಮೇಲೆ ಟೈಪಿಂಗ್ ಸೀನಿಯರ್ ಮುಗಿಸಿ ವಕೀಲರೊಬ್ಬರ ಹತ್ತಿರ ಸೇರಿದವರು. ಆ ವಕೀಲರು ಈಗಿಲ್ಲ. ಹೆಸರಿಗೆ ಕಚೇರಿ ಅವರ ಮಗನದು, ನಡೆಸುವವರು ಕಾಕಾ.

ಅವರ ಕೆಲಸದ ಒಳಗು ನನಗೆ ತಿಳಿದದ್ದು ಒಂದು ರಜೆಯ ದಿನ, ಅವರು ಪಡಸಾಲೆಯಲ್ಲಿ ಒಂದು ವಾಟ್ನಿ (ಆಸ್ತಿ ಪಾಲಿನ) ದಾವೆಯ ಕಟ್ಟನ್ನು ಬಿಚ್ಚಿ ಕುಳಿತಿದ್ದಾಗ. ಮೇಲೆ ವಕಾಲತ್ತು, ಅದಕ್ಕೆ ಅಂಟಿಸಿದ ವಕೀಲರ ಕ್ಷೇಮನಿಧಿಯ ಸ್ಟಾಂಪು. ಕೆಳಗೆ ದಾವೆ, ಎದುರುಗಾರರ ಲಿಖಿತ ಉತ್ತರವಾದ ಕೈಫಿಯತ್ತು, ವಂಶಾವಳಿ, ಉತಾರಗಳು, ಮಧ್ಯಂತರ ಅರ್ಜಿಗಳು, ಹುಕುಮುಗಳು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಕೆಂಪು ಪೆನ್ನಿನ ಪುಟಸಂಖ್ಯೆ. ಎಡ ಅಂಚಿನ ತೂತಿನಲ್ಲಿ ದಾರ, ಅದರ ಗಂಟು ಹೇಗಿತ್ತೆಂದರೆ ಒಂದೆಳೆ ಎಳೆದರೆ ಬಿಚ್ಚಬೇಕು, ಎಳೆಯದೆ ಬಿಚ್ಚಬಾರದು. ಕಾಕಾ ತೀರ್ಪಿನ ಖರೆ (ದೃಢೀಕೃತ) ನಕಲನ್ನು ತೆಗೆದು ಕೊನೆಯ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ರಬ್ಬರ್ ಮುದ್ರೆಯೊಳಗೆ ಕೈಬರಹದಲ್ಲಿ ತಾರೀಖುಗಳು: ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ನಕಲನ್ನು ಪಡೆದ ದಿನ.

ಈ ತಾರೀಖುಗಳಲ್ಲಿ ಒಂದು ಮನೆತನದ ಹೊಲ ಉಳಿಯುವುದು, ಹೋಗುವುದು ಅಡಗಿರುತ್ತದೆ. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲಿಗಾಗಿ ಕಾದ ದಿನಗಳನ್ನು 1963ರ ಕಾಲಮಿತಿ ಕಾಯ್ದೆಯ 12ನೆಯ ಕಲಮು ಆ ಲೆಕ್ಕದಿಂದ ಬಿಟ್ಟುಕೊಡುತ್ತದೆ. ಆದರೆ ನಕಲು ಸಿದ್ಧವಾಗಿ ಕೌಂಟರಿನಲ್ಲಿ ಕುಳಿತಿರುವಾಗ ನೀವು ಊರಿನ ಜಾತ್ರೆ ಮುಗಿಸಿಕೊಂಡು ಬಂದರೆ, ಆ ದಿನಗಳು ನಿಮ್ಮ ಖಾತೆಗೇ ಖರ್ಚು. ಆಮೇಲೆ ವಿಳಂಬ ಮನ್ನಾ ಮಾಡಿರೆಂದು ಅರ್ಜಿ ಹಾಕಿ ಕಾರಣ ಹೇಳುತ್ತ ನಿಲ್ಲಬೇಕು. ಕಾಕಾ ಬೆರಳು ಮಡಚದೆ, ಕ್ಯಾಲೆಂಡರ್ ನೋಡದೆ ಕೊನೆಯ ದಿನ ಇಂಥ ಬುಧವಾರ ಬರುತ್ತದೆ ಎಂದು ಹೇಳುತ್ತಾರೆ.

‘ತಂಗೀ, ಸಾಹೇಬರು ವಾದ ಚೆನ್ನಾಗಿ ಮಾಡುತ್ತಾರೆ, ಅನುಮಾನವಿಲ್ಲ. ಆದರೆ ಬುಧವಾರದ ವಾದವನ್ನು ಗುರುವಾರ ಮಾಡಲು ಬರುವುದಿಲ್ಲ’ ಎಂದರು.

ಇದು ಎಲ್‌ಎಲ್‌ಬಿಯ ಪಠ್ಯದಲ್ಲಿ ಇಲ್ಲವೇ? ಇದೆ, ಆ ಕಲಮಿನ ಮೇಲೆ ಪ್ರಶ್ನೆಯೂ ಬರುತ್ತದೆ. ಕೌಂಟರಿಗೆ ಯಾರು ಯಾವಾಗ ಹೋಗಬೇಕು, ನಕಲು ವಿಭಾಗದ ಗುಮಾಸ್ತನಿಗೆ ಯಾವ ಮಾತನ್ನು ಯಾವ ದನಿಯಲ್ಲಿ ಹೇಳಬೇಕು, ಕೋರ್ಟಿನ ಬೆಲೀಫನು ‘ವಿಳಾಸದಲ್ಲಿ ಇಲ್ಲ’ ಎಂದು ಬರೆದು ತಂದ ಸಮನ್ಸಿನ ಹಿಂದೆ ಏನಿರಬಹುದು ಎಂಬುದೆಲ್ಲ ಇಲ್ಲ. ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಪೀಠವಾದದ್ದು 2013ರಲ್ಲಿ. ಅದಕ್ಕಾಗಿ ಈ ಭಾಗದ ವಕೀಲರು ಎಷ್ಟು ವರ್ಷ ಹೋರಾಡಿದರೆಂಬುದು ಎಲ್ಲರಿಗೂ ಗೊತ್ತು. ಪೀಠ ಬಂತು, ಕಚೇರಿಗಳು ಹೆಚ್ಚಿದವು, ಕಾರಕೂನರ ಕೆಲಸವೂ ಬೆಳೆಯಿತು. ಅವರನ್ನು ತಯಾರು ಮಾಡುವ ಜಾಗ ಮಾತ್ರ ಹಳೆಯದೇ: ಇನ್ನೊಬ್ಬ ಕಾರಕೂನನ ಬೆನ್ನ ಹಿಂದೆ.

ಈಗ ಆ ಬೆನ್ನ ಹಿಂದಿನ ಕಲಿಕೆ ಸಾಲದು ಎಂದು ಕಾಕಾ ತಾವೇ ಹೇಳುತ್ತಾರೆ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103, ಮೋಸದ 420 ಈಗ 318. ಆದರೆ ಅದಕ್ಕೂ ಮುಂಚೆ ನಡೆದ ಅಪರಾಧಗಳ ಖಟ್ಲೆಗಳು ಹಳೆಯ ಕಲಮುಗಳಲ್ಲೇ ಸಾಗುತ್ತವೆ. ಅಂದರೆ ಇನ್ನೂ ಎಷ್ಟೋ ವರ್ಷ ಎರಡೂ ಕೋಷ್ಟಕ ತಲೆಯಲ್ಲಿರಬೇಕು. ಪ್ರತಿ ಪ್ರಕರಣಕ್ಕೆ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಬಂದಿದೆ. ಇ-ಫೈಲಿಂಗ್ ಬಂದಿದೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಅರ್ಜಿ ಯುನಿಕೋಡಿಗೆ ಬರುವಾಗ ಒತ್ತಕ್ಷರಗಳು ಕಾಲು ಮುರಿದುಕೊಳ್ಳುತ್ತವೆ. ಇದನ್ನೆಲ್ಲ ಕಾಕಾ ಮೊಮ್ಮಗಳ ಹತ್ತಿರ ಕೇಳಿ ಕಲಿಯುತ್ತಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕ ಎಂದು ಹೇಳಿಕೊಳ್ಳಬೇಕಾದರೆ ಇಷ್ಟು ಓದು ಅಥವಾ ಇಷ್ಟು ಅನುಭವ ಇರಬೇಕೆಂದು ಕಾನೂನೇ ಇದೆ. ವಕೀಲರ ಮೇಲ್ವಿಚಾರಣೆಯಲ್ಲಿ ಮಾತ್ರ ಕೆಲಸ, ಕಕ್ಷಿದಾರರಿಗೆ ಕಾನೂನು ಸಲಹೆ ಕೊಡುವಂತಿಲ್ಲ ಎಂಬ ಗೆರೆಯೂ ಇದೆ. ಗೆರೆ ಇರುವಲ್ಲಿ ಗೆರೆಯ ಈಚೆಗಿನ ಕೆಲಸಕ್ಕೆ ಒಂದು ಹೆಸರು, ಒಂದು ದರ ಹುಟ್ಟುತ್ತದೆ. ಕಾಕಾನ ಸಂಬಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇಸರವಾಗುವುದು ಅವರಿಗಲ್ಲ, ಸಾಹೇಬರಿಗೆ.

ಮಾಲಿಯದು ಇನ್ನೊಂದು ಕಥೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ ಎಂಬ ಕೆಂಪು ನೆಲ, ಮಲೆನಾಡಿನ ಅಂಚು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದರೆ ಎರೆ ಎಂಬ ಕಪ್ಪು ನೆಲ. ನಮ್ಮ ಬಡಾವಣೆ ಎರೆಯ ಮೇಲಿದೆ. ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಏಪ್ರಿಲ್ ಹೊತ್ತಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಗುಂಡಿ ತೋಡಿ ಸಸಿ ಇಟ್ಟರೆ ಆಷಾಢದಲ್ಲಿ ನೀರು ಇಂಗದೆ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಗುತ್ತಿಗೆದಾರರ ಕಡೆಯವರು ಬಂದು ನೆಟ್ಟ ಮೊದಲ ಸಾಲು ಹಾಗೆಯೇ ಹೋಯಿತು. ಎರಡನೆಯ ಸಾಲನ್ನು ನೆಟ್ಟದ್ದು ನಮ್ಮ ಮಾಲಿ.

ಆತ ಏನು ಮಾಡುತ್ತಾನೆಂದು ಕಟ್ಟೆಯ ಮೇಲೆ ಕುಳಿತು ನೋಡಿದ್ದೇನೆ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ. ತೆಗೆದ ಎರೆಮಣ್ಣಿನಲ್ಲಿ ಅರ್ಧ ಆಚೆ ಎಸೆಯುತ್ತಾನೆ. ಉಳಿದರ್ಧಕ್ಕೆ ಗರಸು ಎಂಬ ಹರಳುಮಣ್ಣು, ಕೆಂಪುಮಣ್ಣು, ತಿಪ್ಪೆಗೊಬ್ಬರ. ಪ್ಲಾಸ್ಟಿಕ್ ಚೀಲ ಹರಿದ ಮೇಲೆ, ಒಳಗೆ ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಮುಖ ಮಾಡುತ್ತಾನೆ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ. ‘ಗುಂಡಿ ಬಟ್ಟಲಾಗಬಾರದು ಅಕ್ಕಾರೇ, ಗುಡ್ಡವಾಗಬೇಕು’ ಎನ್ನುತ್ತಾನೆ. ನೂರು ಸಸಿಗೆ ಗರಸು, ಮಣ್ಣು ಎಷ್ಟು ಬೇಕೆಂದು ಕೇಳಿದರೆ ತಡಮಾಡದೆ ನಾಲ್ಕು ಬ್ರಾಸ್ ಎಂದ. ನಾನು ಒಳಗೆ ಹೋಗಿ ಲೆಕ್ಕ ಹಾಕಿದೆ: ಗುಂಡಿಗೆ 8 ಘನ ಅಡಿ, ನೂರಕ್ಕೆ 800, ಅದರ ಅರ್ಧ 400, ಬ್ರಾಸಿಗೆ 100 ಘನ ಅಡಿಯಂತೆ ನಾಲ್ಕೇ.

ಇಷ್ಟು ಗೊತ್ತಿದ್ದವನಿಗೆ ಗುತ್ತಿಗೆ ಏಕೆ ಸಿಗಲಿಲ್ಲ? ನಕ್ಷೆ ಓದಲು ಬರುವುದಿಲ್ಲ, ಕೊಟೇಶನ್ ಬರೆಯಲು ಬರುವುದಿಲ್ಲ, ಜಿಎಸ್‌ಟಿ ಇಲ್ಲ. ಇವು ಮೂರೂ ಬರುವವನಿಗೆ ಎರೆಮಣ್ಣು ಬರುವುದಿಲ್ಲ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ನಡೆಸುತ್ತದೆ, ಐಟಿಐಗಳ ಪಟ್ಟಿಯಲ್ಲಿ ಪುಷ್ಪಕೃಷಿ ಮತ್ತು ಲ್ಯಾಂಡ್‌ಸ್ಕೇಪಿಂಗ್ ಎಂಬ ಒಂದು ವರ್ಷದ ಟ್ರೇಡು ಕೂಡ ಇದೆ. ಒಳ್ಳೆಯವೇ. ಆದರೆ ಅವು ಹದಿನೆಂಟರ ಹುಡುಗನನ್ನು ಕಣ್ಣ ಮುಂದಿಟ್ಟುಕೊಂಡವು. ನಲವತ್ತರ ಮಾಲಿ ವಾರಕ್ಕೆ ಎರಡು ಮಧ್ಯಾಹ್ನ ಹೋಗಿ 1:100ರ ನಕ್ಷೆ ಓದುವುದನ್ನಷ್ಟೇ ಕಲಿತು ಬರುವ ಜಾಗ ಎಲ್ಲಿದೆ? ಹುಬ್ಬಳ್ಳಿ-ಧಾರವಾಡದ ನಡುವೆ ಬಿಆರ್‌ಟಿಎಸ್ (ವೇಗದ ಬಸ್ಸುಗಳ) ರಸ್ತೆಗಾಗಿ ಹೋದ ಮರಗಳನ್ನು ನೆನೆಸಿಕೊಂಡು ನಾವೆಲ್ಲ ಮರುಗುತ್ತೇವೆ. ಅವುಗಳ ಜಾಗದಲ್ಲಿ ಏನು ನೆಡಬೇಕು, ಬೇವೋ ಹೊಂಗೆಯೋ ಆಕಾಶಮಲ್ಲಿಗೆಯೋ ಎಂದು ತಿಳಿದು ನೆಡುವ ಕೈಗಳನ್ನು ತಯಾರು ಮಾಡಲಿಲ್ಲ. ಬೇಗ ಹಸಿರು ಕಾಣಲೆಂದು ದೇಶದ ಎಷ್ಟೋ ನಗರಗಳಲ್ಲಿ ಕೊನೊಕಾರ್ಪಸ್ ಎಂಬ ವಿದೇಶಿ ಗಿಡ ನೆಟ್ಟರು. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಸಸಿ ಆರಿಸುವವನು ಕೊಟೇಶನ್ ನೋಡಿ ಆರಿಸಿದರೆ ಹೀಗೆಯೇ ಆಗುತ್ತದೆ.

ನನ್ನ ಸ್ವಂತ ಕಸುಬಿನ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಆದರೂ ಬಿಡುವಂತಿಲ್ಲ, ಏಕೆಂದರೆ ಹುಬ್ಬಳ್ಳಿ ಪತ್ರಿಕೆಗಳ ಊರು. ಹಾವೇರಿ ಜಿಲ್ಲೆಯ ಕುರುಬಗೊಂಡದ ಪಾಟೀಲ ಪುಟ್ಟಪ್ಪನವರು ಕಾನೂನು ಓದಿ, ಮುಂಬೈಯಲ್ಲಿ ವಕೀಲಿ ಮಾಡಿ, ಅದನ್ನು ಬಿಟ್ಟು ಪತ್ರಿಕೋದ್ಯಮ ಕಲಿಯಲು ಹೋದದ್ದು ಅದೇ ಕ್ಯಾಲಿಫೋರ್ನಿಯಾಕ್ಕೆ. ಮರಳಿ ಬಂದು 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆ ಶುರುಮಾಡಿದರು. ಆ ಕಾಲಕ್ಕೆ ಸಮುದ್ರ ದಾಟಿ ಕಲಿಯಬೇಕಾಗಿದ್ದ ವಿದ್ಯೆ ಈಗ ಪದವಿ ಕಾಲೇಜುಗಳಲ್ಲೇ ಸಿಗುತ್ತದೆ. ಸಿಕ್ಕರೂ ತಾಲೂಕಿನ ಸುದ್ದಿ ಬರೆಯುವವರಲ್ಲಿ ಬಹಳ ಮಂದಿ ಅದನ್ನು ಓದಿದವರಲ್ಲ. ಅಂಗಡಿ, ಹೊಲ, ಎಲ್‌ಐಸಿ ಏಜೆನ್ಸಿಯ ನಡುವೆ ಬಿಡುವು ಮಾಡಿಕೊಂಡು ಸುದ್ದಿ ಕಳಿಸುವವರು. ಅವರ ಸುದ್ದಿಗಳನ್ನು ನಾನು ಡೆಸ್ಕಿನಲ್ಲಿ ತಿದ್ದುತ್ತಿದ್ದೆ. ಊರಿನ ನಾಡಿ ಅವರಷ್ಟು ಬಲ್ಲವರು ಇಲ್ಲ. ಆದರೆ ಪೊಲೀಸರು ಹಿಡಿದ ದಿನವೇ ‘ಕೊಲೆಗಾರನ ಬಂಧನ’ ಎಂದು ಶೀರ್ಷಿಕೆ ಬರುತ್ತಿತ್ತು, ಅದನ್ನು ‘ಕೊಲೆ ಆರೋಪಿ’ ಮಾಡಬೇಕಾಗುತ್ತಿತ್ತು. ಸದ್ಯಕ್ಕೆ ಇದ್ದದ್ದು ಇದ್ದಂತಿರಲಿ ಎನ್ನುವ ಯಥಾಸ್ಥಿತಿ ಆದೇಶವನ್ನು ‘ಜಯ’ ಎಂದು ಬರೆಯುತ್ತಿದ್ದರು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಪ್ರಕರಣದಲ್ಲಿ ಮಗುವಿನ ಹೆಸರು ತೆಗೆದು ಓಣಿಯ ಹೆಸರು, ತಂದೆಯ ಕಸುಬು, ಶಾಲೆಯ ಹೆಸರು ಉಳಿಸಿ ಕಳಿಸುತ್ತಿದ್ದರು. ಅಷ್ಟು ಬರೆದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ. ಕಾಯ್ದೆಯ 23ನೆಯ ಕಲಮು ಮನೆಯ ವಿಳಾಸ, ಶಾಲೆ, ನೆರೆಹೊರೆ ಎಲ್ಲವನ್ನೂ ಹೆಸರಿಸಿಯೇ ನಿಷೇಧಿಸಿದೆ. ಇದನ್ನು ಅವರಿಗೆ ಯಾರೂ ಕೂಡಿಸಿಕೊಂಡು ಹೇಳಿರಲಿಲ್ಲ. ಫೋನಿನಲ್ಲಿ, ಪುಟ ಇಳಿಸುವ ಅವಸರದಲ್ಲಿ ನಾನು ಹೇಳಿದ್ದು ಬೈಗುಳದಂತೆ ಕೇಳಿಸಿರಬೇಕು.

ಇಲ್ಲಿಯವರೆಗೆ ಓದಿದ ಕೆಲವರು ಹೇಳುವ ಮಾತು ನನಗೆ ಗೊತ್ತು: ಕೆಲಸವನ್ನು ಕೆಲಸದಲ್ಲೇ ಕಲಿಯಬೇಕು, ಕಾಕಾ ಯಾವ ಕೋರ್ಸು ಮಾಡಿದ್ದರು, ಪಾರಂಪರಿಕ ಜ್ಞಾನಕ್ಕೆ ಸರ್ಟಿಫಿಕೇಟು ಏಕೆ? ನಮ್ಮ ಪತ್ರಿಕೆಯಲ್ಲಿಯೂ ಹಿರಿಯರು ಹೀಗೆಯೇ ಹೇಳುತ್ತಿದ್ದರು, ಚೆನ್ನಾಗಿಯೂ ಹೇಳುತ್ತಿದ್ದರು. ಆ ಮಾತಿನಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. ಹತ್ತಿರ ನಿಂತು ಕಲಿಯಲು ಮೊದಲು ಹತ್ತಿರ ನಿಲ್ಲಲು ಬಿಡಬೇಕು. ಕಾಕಾನನ್ನು ಕಚೇರಿಗೆ ಸೇರಿಸಿದ್ದು ಅವರ ಸೋದರಮಾವ, ವಕೀಲರ ಮನೆಗೆ ಬೇಕಾದವರು. ಅವರ ಜೊತೆಗಿನ ಕಾರಕೂನರೆಲ್ಲ ಹೀಗೆಯೇ ಯಾರದೋ ಅಳಿಯ, ಯಾರದೋ ತಮ್ಮ. ಕೋರ್ಟಿನ ಆವರಣದ ಚಹಾ ಅಂಗಡಿಯಲ್ಲಿ ಎರಡು ವರ್ಷ ನಿಂತು, ಹಿರಿಯ ಕಾರಕೂನರಿಗೆ ಚಹಾ ತಂದುಕೊಟ್ಟು, ಬೈಸಿಕೊಂಡು, ಕೊನೆಗೆ ಒಂದು ಕಟ್ಟು ಹಿಡಿಯುವ ಅರ್ಹತೆ ಪಡೆಯುವ ದಾರಿ ಹುಡುಗನಿಗೆ ಇದೆ, ಅದೂ ಗುರುತು ಇರುವ ಹುಡುಗನಿಗೆ. ಹುಡುಗಿ ಆ ಚಹಾ ಅಂಗಡಿಯ ಹತ್ತಿರ ಎರಡು ದಿನ ನಿಂತರೆ ಮೂರನೆಯ ದಿನ ಮನೆಗೆ ಸುದ್ದಿ ಹೋಗುತ್ತದೆ. ಊರಿನಲ್ಲಿ ಕೆಳಗಿನವರೆನಿಸಿಕೊಂಡ ಕೇರಿಯ ಹುಡುಗನಿಗೆ ಆ ಕಟ್ಟನ್ನು ಮುಟ್ಟಲು ಕೊಡುವ ಹಿರಿಯರು ಆಗ ಎಷ್ಟು ಜನ ಇದ್ದರು ಎಂದು ಕೇಳಿದ್ದಕ್ಕೆ ಕಾಕಾ ಉತ್ತರಿಸಲಿಲ್ಲ, ಎದ್ದು ಒಳಗೆ ಹೋದರು. ಪತ್ರಿಕೆಯ ಡೆಸ್ಕಿಗೆ ನಾನು ಬಂದಾಗಲೂ ರಾತ್ರಿ ಪಾಳಿ ಮಾಡುತ್ತೀರಾ ಎಂಬುದೇ ಮೊದಲ ಪ್ರಶ್ನೆಯಾಗಿತ್ತು, ಕನ್ನಡ ಹೇಗಿದೆ ಎಂಬುದು ಆಮೇಲಿನದು.

ಹೀಗಾಗಿ ಕೋರ್ಸು ಎಂದರೆ ನನಗೆ ಮೊದಲಿಗೆ ಜ್ಞಾನವಲ್ಲ, ಒಂದು ಗುರುತಿನ ಚೀಟಿ. ಕೊರಳಲ್ಲಿ ಅದನ್ನು ಹಾಕಿಕೊಂಡು ಹುಡುಗಿಯೊಬ್ಬಳು ನಕಲು ವಿಭಾಗದ ಕೌಂಟರಿನ ಮುಂದೆ ನಿಂತರೆ ಆಕೆ ಯಾರ ಮಗಳು ಎಂದು ಕೇಳುವ ಬದಲು ಯಾವ ಪ್ರಕರಣ ಎಂದು ಕೇಳುತ್ತಾರೆ. ಅಷ್ಟು ಸಿಕ್ಕರೆ ಉಳಿದದ್ದನ್ನು ಆಕೆಯೇ ಕಲಿತುಕೊಳ್ಳುತ್ತಾಳೆ.

ಮೂರನ್ನೂ ಒಂದೇ ಸೂರಿನಡಿ ಇಡುವುದರ ಲಾಭವೂ ನಿಧಾನಕ್ಕೆ ಹೊಳೆಯುತ್ತಿದೆ. ಉದ್ಯಾನಕ್ಕೆ ಇಷ್ಟು ಲಕ್ಷ ಮಂಜೂರು ಎಂದು ನಾವು ಸುದ್ದಿ ಹಾಕುತ್ತೇವೆ. ಅಂದಾಜುಪಟ್ಟಿಯಲ್ಲಿ ನೂರು ಸಸಿಗೆ ಹತ್ತು ಬ್ರಾಸ್ ಗರಸು ಬರೆದಿದ್ದರೆ ಅದು ಹೆಚ್ಚೆಂದು ಗೊತ್ತಾಗುವ ವರದಿಗಾರ ನಮ್ಮಲ್ಲಿ ಇರಲಿಲ್ಲ. ಮಾಲಿಯ ತರಗತಿಯಲ್ಲಿ ಒಂದು ವಾರ ಕುಳಿತ ವರದಿಗಾರ್ತಿಗೆ ಗೊತ್ತಾಗುತ್ತದೆ. ಕಾಕಾನ ಹತ್ತಿರ ಒಂದು ತಿಂಗಳು ಕುಳಿತವಳು ಯಥಾಸ್ಥಿತಿಯನ್ನು ಜಯ ಎಂದು ಬರೆಯುವುದಿಲ್ಲ. ಆ ಅಂದಾಜುಪಟ್ಟಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳುವ ಅರ್ಜಿ ಬರೆಯಲು, 30 ದಿನದ ಲೆಕ್ಕ ಇಡಲು ಕಾರಕೂನಿಯ ವಿದ್ಯಾರ್ಥಿ ಪಕ್ಕದ ಕೋಣೆಯಲ್ಲೇ ಇರುತ್ತಾನೆ.

ನನ್ನ ಭಯ ಇರುವುದು ಬೇರೆ ಕಡೆ. ಇಂಥ ಕೋರ್ಸು ನಾಳೆ ಬಂದರೆ ಅದರ ಮೊದಲ ಘಟಕ ಏನಿರುತ್ತದೆಂದು ನಾನು ಈಗಲೇ ಬರೆದುಕೊಡಬಲ್ಲೆ: ‘ಕಾನೂನು ಕಚೇರಿ ನಿರ್ವಹಣೆ: ಅರ್ಥ, ವ್ಯಾಖ್ಯೆ, ಸ್ವರೂಪ ಮತ್ತು ವ್ಯಾಪ್ತಿ’. ಎರಡನೆಯದು ಐತಿಹಾಸಿಕ ಹಿನ್ನೆಲೆ. ಮೂರನೆಯದು ಮಹತ್ವ. ದಾರಕ್ಕೆ ಗಂಟು ಹಾಕುವುದು ಕೊನೆಯ ಘಟಕದಲ್ಲೂ ಬರುವುದಿಲ್ಲ. ಅತಿಥಿ ಉಪನ್ಯಾಸಕರು ನೋಟ್ಸ್ ಬರೆಸುತ್ತಾರೆ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಟಿಪ್ಪಣಿ ಕೇಳುತ್ತಾರೆ, ತೇರ್ಗಡೆಯಾದವನು ಕಾಕಾನ ಮುಂದೆ ಬಂದು ಕಟ್ಟು ತಲೆಕೆಳಗಾಗಿ ಹಿಡಿಯುತ್ತಾನೆ. ನಾನು ಇದನ್ನು ಗೇಲಿಗೆ ಹೇಳುತ್ತಿಲ್ಲ. ಅತಿಥಿ ಉಪನ್ಯಾಸಕಿಯಾಗಿ ವರದಿಗಾರಿಕೆಯ ಪಾಠಕ್ಕೆ ಹೋದಾಗ ನನ್ನ ಕೈಗೆ ಕೊಟ್ಟ ಪಠ್ಯಕ್ರಮ ಸುದ್ದಿಯ ಆರು ವ್ಯಾಖ್ಯೆಗಳಿಂದಲೇ ಶುರುವಾಗುತ್ತಿತ್ತು.

ಕಲಿಸುವವರು ಕಾಕಾ ಮತ್ತು ಮಾಲಿಯೇ ಆಗಬೇಕು. ಅದಕ್ಕೆ ಅಡ್ಡಿ ಅರ್ಹತೆ. ಮಾಲಿ ಓದಿದ್ದು ಏಳನೆಯ ಇಯತ್ತೆ. ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ಹುದ್ದೆಗೆ ದಾರಿ ತೆರೆಯಿತು: ತಮ್ಮ ಕ್ಷೇತ್ರದಲ್ಲಿ ಹದಿನೈದು ವರ್ಷದ ಅನುಭವ ಇದ್ದು ಹೆಸರು ಮಾಡಿದವರು ಪಿಎಚ್‌.ಡಿ. ಇಲ್ಲದೆಯೂ ಪಾಠ ಹೇಳಬಹುದು. ಹಿರಿಯ ಹುದ್ದೆಯಲ್ಲಿ ಇದ್ದವರಾದರೆ ಒಳ್ಳೆಯದೆಂಬ ಮಾತೂ ಅದರಲ್ಲಿದೆ. ಅದನ್ನು ಬರೆದವರ ಕಣ್ಣಮುಂದೆ ಇದ್ದವರು ಕಂಪನಿಯ ನಿರ್ದೇಶಕರು, ನಿವೃತ್ತ ಐಎಎಸ್ ಅಧಿಕಾರಿಗಳು. ಎರೆಮಣ್ಣಿನ ಮೇಲೆ ಇಪ್ಪತ್ತು ವರ್ಷ ಕುಕ್ಕರಗಾಲಲ್ಲಿ ಕುಳಿತವನ ಹುದ್ದೆ ಹಿರಿಯದೋ ಕಿರಿಯದೋ ಎಂದು ಯಾರನ್ನು ಕೇಳುವುದು?

ಕಾಕಾನನ್ನು ಕಲಿಸುತ್ತೀರಾ ಎಂದು ಕೇಳಿದೆ. ‘ಪರೀಕ್ಷೆ ಯಾರು ಮಾಡುವವರು?’ ಎಂದರು. ನೀವೇ ಎಂದೆ. ಹಾಗಾದರೆ ಸರಿ, ನಕಲಿನ ದಿನ ಎಣಿಸಲು ತಪ್ಪಿದವರನ್ನು ಪಾಸು ಮಾಡುವುದಿಲ್ಲ ಎಂದರು. ಆಮೇಲೆ ಇಬ್ಬರೂ ಕುಳಿತು ವೇಳಾಪಟ್ಟಿ ಹಾಕಿದೆವು. ಕಟ್ಟಡವಿಲ್ಲ, ಅನುಮತಿಯಿಲ್ಲ, ಕೈಯಲ್ಲಿ ಕಾಸಿಲ್ಲ, ಅದರ ಮೊದಲೇ ವೇಳಾಪಟ್ಟಿ. ಸಂಜೆ ಕಾಲೇಜು ಎಂದು ನಾನು ಬರೆದದ್ದನ್ನು ಕಾಕಾ ಹೊಡೆದುಹಾಕಿದರು. ಸಂಜೆ ಎಂದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಹುಡುಗಿಯರು ಬರುವುದಿಲ್ಲ, ಮನೆಯವರು ಬಿಡುವುದಿಲ್ಲ ಎಂದರು. ಅದು ನಿಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲ, ಹಗಲಿನ ತರಗತಿಯಾದರೆ ಅಡ್ಡಿಗಳಲ್ಲಿ ದೊಡ್ಡದೊಂದು ಆಗಲೇ ಕಳೆದಿದೆ. ಕೋರ್ಟು ಕೂಡುವುದು ಹನ್ನೊಂದಕ್ಕೆ, ಕಾಕಾ ಹತ್ತೂವರೆಗೆ ಅಲ್ಲಿರಬೇಕು. ಮಾಲಿಗಳ ಕೆಲಸ ಬೆಳಗಿನ ತಂಪಿನಲ್ಲಿ, ಅವರಿಗೆ ಬಿಡುವು ಎರಡರ ಮೇಲೆ. ಡೆಸ್ಕಿನವರು ಮೂರು ಗಂಟೆಗೆ ಕಚೇರಿ ಸೇರಬೇಕು, ಅವರು ಹನ್ನೊಂದರಿಂದ ಒಂದರವರೆಗೆ ಸಿಗುತ್ತಾರೆ. ಕಾರಕೂನಿ ತರಗತಿಯನ್ನು ಎಂಟಕ್ಕೆ ಇಟ್ಟಿದ್ದೆವು. ನವಲಗುಂದದಿಂದ ಎಂಟಕ್ಕೆ ಬರಬೇಕಾದರೆ ಹುಡುಗಿ ಕತ್ತಲಲ್ಲೇ ರೊಟ್ಟಿ ಬಡಿದಿಟ್ಟು ಹೊರಡಬೇಕು ಎಂದು ಕಾಕಾನ ಸೊಸೆ ಅಡುಗೆಮನೆಯಿಂದಲೇ ಹೇಳಿದಳು. ಸದ್ಯಕ್ಕೆ ಒಂಬತ್ತರಿಂದ ಹತ್ತು ಎಂದು ಬರೆದಿದ್ದೇವೆ, ಕೋರ್ಟಿಗೆ ರಜೆ ಇರುವ ಶನಿವಾರ ಒಂದು ತಾಸು ಹೆಚ್ಚು. ಹುಡುಗರ ಬಸ್ ಪಾಸಿನ ವಿಷಯ ಬಾಕಿ ಇದೆ, ಮಾನ್ಯತೆ ಇಲ್ಲದ ಕೋರ್ಸಿಗೆ ಪಾಸು ಕೊಡುತ್ತಾರೆಯೇ ಎಂದು ಸೋಮವಾರ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಬರುವುದಾಗಿ ಕಾಕಾ ಹೇಳಿದ್ದಾರೆ.